ಬಲಗಡೆಯ ಹಕ್ಕಿ

ಶನಿವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಕಿವಿ ಪರೀಕ್ಷೆಯ ಕೋಣೆಯ ಬೀಗ ತೆಗೆದು, ಯಂತ್ರದ ಗುಂಡಿ ಒತ್ತಿ, ಹೆಡ್‌ಫೋನನ್ನು ತಲೆಗೇರಿಸಿಕೊಂಡಾಗಲೂ ಪರೀಕ್ಷಕ ಯೋಚಿಸುತ್ತಿದ್ದುದು ರಿಸೀವರಿನ ಬಗ್ಗೆಯೇ. ಟಿವಿಯ ಸದ್ದನ್ನು ಒಳಗೆ ತೆಗೆದುಕೊಂಡು, ಅದಕ್ಕೆ ಬಲ ತುಂಬಿ, ಕೋಣೆಯ ಸುತ್ತ ಇಟ್ಟ ಸ್ಪೀಕರುಗಳಿಗೆ ಪಾಲು ಹಂಚುವ ಆ ಕಪ್ಪು ಪೆಟ್ಟಿಗೆ ಐದು ಸ್ಪೀಕರಿನದಿರಬೇಕೋ ಏಳರದೋ ಎಂಬ ಪ್ರಶ್ನೆ ನಾಲ್ಕು ತಿಂಗಳಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು; ಕೈಯಲ್ಲಿ ಯಾವ ಕೆಲಸವಿದ್ದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಪರೀಕ್ಷಕನೇ ಯಂತ್ರದ ಏಳು ಸ್ವರಗಳನ್ನೂ ಎರಡೂ ಕಿವಿಯಲ್ಲಿ ಕೇಳಿ ರಿಜಿಸ್ಟರಿನಲ್ಲಿ ಗುರುತು ಹಾಕಬೇಕೆಂಬುದು ಕ್ಲಿನಿಕ್ಕಿನ ನಿಯಮ. ಇನ್ನೂರೈವತ್ತು ಕಂಪನದ್ದು ಹಡಗಿನ ಕೂಗಿನ ಹಾಗೆ ಬಂತು, ಸಾವಿರದ್ದು ಬಂತು, ಎರಡು ಸಾವಿರದ್ದೂ ಬಂತು. ನಾಲ್ಕು ಸಾವಿರ ಮಾಸಿದ ನೂಲಿನಂತೆ, ಇದೆ ಅಂದರೆ ಇದೆ. ಆರು ಸಾವಿರಕ್ಕೂ ಎಂಟು ಸಾವಿರಕ್ಕೂ ಅವನು ಯಂತ್ರದ ಮೇಲಿನ ಹಸಿರು ದೀಪವನ್ನು ನೋಡಿದ. ದೀಪ ಉರಿಯಿತು. ಗುರುತು ಹಾಕಿದ. ಎಡಕ್ಕೆ ಏಳು, ಬಲಕ್ಕೆ ಏಳು, ಒಟ್ಟು ಹದಿನಾಲ್ಕು ಗುರುತು, ಒಂದರ ಬಾಲ ಇನ್ನೊಂದಕ್ಕೆ ತಾಗದ ಹಾಗೆ ಅಚ್ಚುಕಟ್ಟಾಗಿ. ದೀಪ ಉರಿದ ಮೇಲೆ ಸದ್ದು ಇದ್ದೇ ಇರುತ್ತದೆ. ನಲವತ್ತೊಂಬತ್ತು ವರ್ಷಕ್ಕೆ ಎಂಟು ಸಾವಿರ ಯಾವ ಮಹಾರಾಯನಿಗೆ ಕೇಳುತ್ತದೆ? ಕೇಳಿ ಆಗಬೇಕಾದ್ದೇನು? ಅದೇನು ಮಾತೇ, ಬರೀ ಕೀಚಲು.

ರಿಸೀವರಿನ ವಿಷಯ ಶುರುವಾದದ್ದು ಟಿವಿಯಿಂದ. ಈಗಿನ ನಟರಿಗೆ ಬಾಯಿ ತೆರೆಯಲು ಸೋಮಾರಿತನ ಎಂದು ಅವನಿಗೆ ಒಂದೆರಡು ವರ್ಷದಿಂದ ಖಾತ್ರಿಯಾಗಿತ್ತು. ತುಟಿ ಅಲ್ಲಾಡಿಸುತ್ತಾರೆ, ಅಕ್ಷರಗಳ ತುದಿಗಳನ್ನೆಲ್ಲ ನುಂಗುತ್ತಾರೆ, ಹಿಂದಿನಿಂದ ಯಾರೋ ತಮಟೆ ಬಡಿದು ಅದನ್ನು ಸಂಗೀತ ಎನ್ನುತ್ತಾರೆ. ಮೊದಲು ಹದಿನೆಂಟರಲ್ಲಿದ್ದ ಸದ್ದು ಇಪ್ಪತ್ತಾರಕ್ಕೆ, ಆಮೇಲೆ ಮೂವತ್ತೈದಕ್ಕೆ ಏರಿ, ಒಂದು ಸಂಜೆ ಮೇಲಿನ ಮನೆಯ ಅಜ್ಜಿ ಇಳಿದುಬಂದು "ನಿಮ್ಮ ಮನೇಲಿ ಯಾರಾದ್ರೂ ಜಗಳ ಆಡ್ತಿದ್ದೀರೇನಪ್ಪ?" ಎಂದು ಕೇಳಿದಳು. "ಟಿವಿ ಕಣ್ರೀ, ಟಿವಿ" ಎಂದು ಹೆಂಡತಿ ಕೈಮುಗಿದಳು. ಆ ರಾತ್ರಿಯೇ ಅವನು ತೀರ್ಮಾನಿಸಿದ, ತಪ್ಪು ಟಿವಿಯದು. ಕಾಗದದಷ್ಟು ತೆಳ್ಳಗೆ ಮಾಡಿದ ಪೆಟ್ಟಿಗೆಯ ಬೆನ್ನಿಗೆ ಅಂಗಿಯ ಗುಂಡಿಯಷ್ಟು ಸ್ಪೀಕರು ಅಂಟಿಸಿದರೆ ಇನ್ನೇನು ಬರುತ್ತದೆ. ಮರುದಿನ ಜೇಬಿನಲ್ಲಿ ಹಿಡಿಯುವಂಥ ಇನ್ನೂರು ಪುಟದ ನೋಟ್‌ಬುಕ್ ತಂದು, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾಕ್ಕೆ ಓದುವಾಗ ಮಾಡುತ್ತಿದ್ದ ಹಾಗೆಯೇ ಅಂಚಿಗೆ ಕೆಂಪು ಗೆರೆ ಎಳೆದು, ಕೂತ. ಇಂಟರ್ನೆಟ್ಟಿನಲ್ಲಿ ಇದಕ್ಕೆಂದೇ ಒಂದು ಪಂಥವಿತ್ತು. ತಾಮ್ರದ ವೈರಿಗೂ ಬೆಳ್ಳಿಯ ವೈರಿಗೂ ಇರುವ ವ್ಯತ್ಯಾಸವನ್ನು ದೇವರ ಸಾಕ್ಷಾತ್ಕಾರದ ಹಾಗೆ ವರ್ಣಿಸುವವರು, ಅದನ್ನು ಅಲ್ಲಗಳೆದವರ ಕಿವಿಯನ್ನೇ ಜರೆಯುವವರು. ತಮ್ಮ ಕಿವಿ ಎಷ್ಟು ಕೇಳುತ್ತದೆ ಎಂದು ಒಬ್ಬನಾದರೂ ಅಳೆಸಿಕೊಂಡಿದ್ದಾನೆಯೇ? ಅವರನ್ನೆಲ್ಲ ತನ್ನ ಗಾಜಿನ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬನ ಕಿವಿಯ ನಕ್ಷೆ ತೆಗೆದು, ಅದನ್ನು ಅವನವನ ಹಣೆಗೆ ಅಂಟಿಸಬೇಕು ಎಂದು ಅವನು ಹಲ್ಲು ಕಚ್ಚಿ ಯೋಚಿಸುತ್ತ, ಅವರು ಬರೆದುದನ್ನೆಲ್ಲ ಒಂದಕ್ಷರ ಬಿಡದೆ ಇಳಿಸಿಕೊಂಡ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವಾಟು ಸುಳ್ಳು, ಕೆಳಗೆ ಸಣ್ಣ ಅಕ್ಷರದಲ್ಲಿರುವುದು ಅರ್ಧ ಸುಳ್ಳು ಎಂಬುದನ್ನು ಕಂಡುಕೊಂಡ ದಿನ ಅವನಿಗೆ ಖುಷಿಯಿಂದ ಊಟ ಸೇರಲಿಲ್ಲ.

ಸುಳ್ಳು ಹಿಡಿಯುವುದು ಅವನ ಕಸುಬೇ ಆಗಿತ್ತು. ಸದ್ದು ಕೇಳಿಸಿದಾಗ ಕೈಯಲ್ಲಿರುವ ಗುಂಡಿ ಒತ್ತಿ ಎಂದು ಹೇಳಿ ಬಾಗಿಲು ಹಾಕಿದರೆ ಸಾಕು, ಮನುಷ್ಯ ಬಯಲಾಗುತ್ತಾನೆ. ಕೇಳಿದರೂ ಒತ್ತದವರು ಒಂದು ಜಾತಿ. ಕೇಳದಿದ್ದರೂ ಒತ್ತುವವರು ಇನ್ನೊಂದು, ಇವರೇ ಹೆಚ್ಚು, ಇವರನ್ನು ಕಂಡರೆ ಅವನಿಗೆ ಹೆಚ್ಚು ಅಸಹ್ಯ. ಗಾಜಿನಾಚೆ ಪರೀಕ್ಷಕನ ಭುಜ ಅಲ್ಲಾಡಿತೇ, ಕಣ್ಣು ಕೆಳಗೆ ಹೋಯಿತೇ ಎಂದು ಕಳ್ಳನೋಟದಿಂದ ನೋಡಿಕೊಂಡು ಒತ್ತಿ, ಒತ್ತಿದ ಮೇಲೆ ಧ್ಯಾನಸ್ಥರ ಹಾಗೆ ಕಣ್ಣು ಮುಚ್ಚುತ್ತಾರೆ. ಅದಕ್ಕೇ ರೋಗಿಯ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿಡುವುದು. ಮೂರು ವಾರದ ಹಿಂದೆ ಕಾರ್ಖಾನೆಯಿಂದ ವರ್ಷದ ತಪಾಸಣೆಗೆ ಬಂದ ಪ್ರೆಸ್ಸಿನವನು, ತಗಡಿಗೆ ಅಚ್ಚೊತ್ತುವ ದೊಡ್ಡ ಯಂತ್ರ ನಡೆಸುವವನು, ಈ ಎರಡು ಜಾತಿಗೂ ಸೇರದೆ ಹೋಗಿದ್ದೇ ಅವನಿಗೆ ಸಿಟ್ಟು ತಂದಿತ್ತು. ಅರ್ಧದಲ್ಲೇ ಬಾಗಿಲು ತಳ್ಳಿಕೊಂಡು ತಲೆ ಹೊರಗೆ ಹಾಕಿದ್ದ. "ಸಾರ್, ಎಡಗಡೆ ಸಣ್ಣ ಹಕ್ಕಿ ಥರ ಬಂತು. ಬಲಗಡೆ ಹಕ್ಕಿ ಬರ್ತಾನೇ ಇಲ್ಲ. ವೈರು ಗೀರು ನೋಡ್ತೀರಾ?" ವೈರು ಸರಿಯಾಗಿದೆ, ಕೂತ್ಕೊಳ್ಳಿ ಎಂದಿದ್ದಕ್ಕೆ, "ಹಂಗಾದ್ರೆ ಕೆಂಪಿಂದನ್ನ ಎಡಕ್ಕೆ, ನೀಲೀದನ್ನ ಬಲಕ್ಕೆ ಹಾಕಿ ನೋಡೋಣ ಸಾರ್. ನಮ್ಮ ಮೆಷಿನ್ನಲ್ಲೂ ಹಂಗೇ ಮಾಡೋದು. ದೋಷ ಅದರ ಜೊತೆ ಹೋದ್ರೆ ಅದರದ್ದು, ಇಲ್ಲೇ ಉಳಿದ್ರೆ ನಮ್ಮದು" ಎಂದ. ಎಣ್ಣೆಯ ಕಲೆಯಿದ್ದ ಕೈಯನ್ನು ಪರೀಕ್ಷಕನ ಹೆಡ್‌ಫೋನಿನ ಮೇಲಿಟ್ಟುಕೊಂಡೇ ಹೇಳಿದ್ದ. "ಬೆಳಿಗ್ಗೆ ನಾನೇ ಎರಡೂ ಕಡೆ ಕೇಳಿದ್ದೀನಿ. ನನಗೆ ಕೆಲಸ ಕಲಿಸೋಕೆ ಬಂದಿದ್ದೀರಾ ಅಥವಾ ಕಿವಿ ತೋರಿಸೋಕಾ?" ಎಂದು ಕೇಳಿದ್ದಕ್ಕೆ ಪ್ರೆಸ್ಸಿನವನು ಹಲ್ಲು ಕಿರಿದು ಒಳಗೆ ಹೋಗಿ ಕುಳಿತಿದ್ದ. ನಕ್ಷೆಯಲ್ಲಿ ಬಲಗಿವಿಯ ಗೆರೆ ನಾಲ್ಕು ಸಾವಿರದಾಚೆ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಆಮೇಲೆ ಎರಡು ಸಲ ಬಂದು ಇನ್ನೊಮ್ಮೆ ನೋಡಿ ಎಂದು ಕೇಳಿದ. ಎರಡು ಸಲವೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದ.

ಹತ್ತೂವರೆಗೆ ಡಾಕ್ಟರಮ್ಮ ಕರೆಸಿದಳು. ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಹಗಲು ಕಾಲೇಜಿನಲ್ಲಿ ಓದಿದವಳು, ಬಾಯಿಗೆ ಮುಖಗವಸು ಹಾಕಿಕೊಂಡೇ ಪಿಸುಗುಟ್ಟುವ ದುರಭ್ಯಾಸದವಳು. ಅವಳ ಮೇಜಿನ ಮೇಲೆ ನಕ್ಷೆಗಳು ಹರಡಿದ್ದವು. ಅವಳು ಏನೋ ಅಂದಳು. ಅವನು ಎಂದಿನಂತೆ "ಹೌದು ಡಾಕ್ಟ್ರೇ" ಅಂದ. ಅವಳು ಮುಖಗವಸು ಕೆಳಗೆಳೆದು ಅವನನ್ನು ನೋಡಿದಳು. "ಹೌದು ಅಂದ್ರೆ? ಮೂರು ವಾರದಲ್ಲಿ ಹನ್ನೊಂದು ಜನ. ಎಲ್ಲರಿಗೂ ಬಲಗಿವಿನೇ, ಅದೂ ಒಂದೇ ಕಡೆ ಬಿದ್ದಿದೆ ಅಂತ ತೋರಿಸ್ತಿದ್ದೀನಿ. ಊರವರೆಲ್ಲ ಬಲಗಡೆಯಿಂದ ಕಿವುಡಾಗ್ತಿದ್ದಾರಾ?" ಇದು ತಮಾಷೆಯೋ ಅಲ್ಲವೋ ತಿಳಿಯದೆ ಅವನು ಅರ್ಧ ನಕ್ಕ. "ಬೆಳಿಗ್ಗೆ ಕೇಳಿ ನೋಡ್ತೀರಿ ತಾನೆ?" "ದಿನಾ ಕೇಳ್ತೀನಿ. ರಿಜಿಸ್ಟರ್ ಇದೆ." "ರಿಜಿಸ್ಟರ್ ನೋಡ್ದೆ, ಮುತ್ತು ಪೋಣಿಸಿದ ಹಾಗಿದೆ" ಎಂದಳು ಅವಳು, ಹೊಗಳಿದಳೋ ಚುಚ್ಚಿದಳೋ. ಒಂದು ಕಾಗದ ಮುಂದೆ ತಳ್ಳಿದಳು. ಕಾರ್ಖಾನೆಯದು. ಪ್ರೆಸ್ಸಿನವನನ್ನು ಯಂತ್ರದಿಂದ ತೆಗೆದು ಗೋದಾಮಿನಲ್ಲಿ ಖಾಲಿ ಪೆಟ್ಟಿಗೆ ಜೋಡಿಸಲು ಹಾಕಿದ್ದಾರೆ. ಮರುಪರೀಕ್ಷೆ ಬೇಕೆಂದು ಅವನು ಬರೆದುಕೊಂಡಿದ್ದಾನೆ. ಅಗತ್ಯವಿಲ್ಲವೆಂದು ಪರೀಕ್ಷಕರು ರುಜು ಹಾಕಿದರೆ ಸೋಮವಾರದಿಂದ ಅದೇ ಅವನ ಕಾಯಂ ಜಾಗ. "ಯಂತ್ರ ಸರಿಯಿತ್ತು ಅಂತ ನೀವು ಖಂಡಿತ ಹೇಳೋದಾದ್ರೆ ರುಜು ಹಾಕಿ. ನಿಮ್ಮ ಕಿವಿ ಮೇಲೆ ನಾನು ನಂಬಿಕೆ ಇಟ್ಟಿದ್ದೀನಿ" ಎಂದಳು. "ಸೋಮವಾರ ಬೆಳಿಗ್ಗೆ ಕೊಡ್ತೀನಿ" ಎಂದು ಅವನು ಕಾಗದವನ್ನು ನಾಲ್ಕಾಗಿ ಮಡಚಿ, ಜೇಬಿನಲ್ಲಿದ್ದ ನೋಟ್‌ಬುಕ್ಕಿನಲ್ಲಿ, ಏಳು ಸ್ಪೀಕರಿನ ಪುಟಕ್ಕೂ ಐದು ಸ್ಪೀಕರಿನ ಪುಟಕ್ಕೂ ನಡುವೆ ಇಟ್ಟುಕೊಂಡ. ತನ್ನ ಕುರ್ಚಿಗೆ ವಾಪಸಾದ ಮೇಲೆ ಅವನಿಗೆ ಅನ್ನಿಸಿದ್ದು ಇಷ್ಟೇ: ಹೆಡ್‌ಫೋನನ್ನು ಯಾವನೋ ಬೀಳಿಸಿರಬೇಕು. ತಾನಂತೂ ಅಲ್ಲ. ಆದರೆ ಬಿದ್ದದ್ದು ತನಗೆ ಯಾಕೆ ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಗೆ ಒಂದೇ ಉತ್ತರವಿತ್ತು, ಅದನ್ನು ಹೇಳಿದ ಮೇಲೆ ಕಿವಿ ಪರೀಕ್ಷಕನ ಕುರ್ಚಿಯಲ್ಲಿ ತನ್ನನ್ನು ಯಾರೂ ಕೂರಿಸುವುದಿಲ್ಲ. ಬಲಗಡೆ ಆರು ಸಾವಿರ ಒತ್ತಿದ. ಹಸಿರು ದೀಪ ಹತ್ತಿತು. ದೀಪಕ್ಕೇನು, ಅದು ಹತ್ತುತ್ತದೆ.

ಎರಡು ಗಂಟೆಗೆ ಕ್ಲಿನಿಕ್ ಮುಚ್ಚಿತು. ರಿಸೀವರ್ ಅಂಗಡಿಗೆ ಹೋಗಲು ಹೆಂಡತಿಯ ತಮ್ಮ ಕಾರು ತಂದಿದ್ದ. ಹೆಂಡತಿ ಹಿಂದೆ ಕೂತಿದ್ದಳು. ಈ ಭಾವಮೈದುನ ಒಂದು ಮಧ್ಯಾಹ್ನ ತರಕಾರಿ ತರಲು ಹೋದವನು ಟಿವಿಯ ಕೆಳಗಿಡುವ ಉದ್ದನೆಯ ಸೌಂಡ್‌ಬಾರ್ ಒಂದನ್ನು ಎತ್ತಿಕೊಂಡು ಬಂದು, ಪ್ಲಗ್ಗು ಚುಚ್ಚಿ, ಹದಿನೈದು ನಿಮಿಷದಲ್ಲಿ ಸುಖವಾಗಿದ್ದ ಮನುಷ್ಯ. ಇಂಥವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅಜ್ಞಾನಕ್ಕಿಂತ ಅಜ್ಞಾನಿಯ ನೆಮ್ಮದಿ ಸಹಿಸುವುದು ಕಷ್ಟ.

"ಏನು ಭಾವ, ಪರೀಕ್ಷೆಗೆ ಓದಿ ಮುಗೀತಾ? ಇವತ್ತು ಫಲಿತಾಂಶ ತಾನೆ?"

"ನಿನ್ನ ಹಾಗೆ ಹಲಗೆ ತಂದು ಮನೇಲಿಡೋಕೆ ಓದೋದು ಬೇಕಾಗಿಲ್ಲ."

"ಹಲಗೆ ಅಂತೀರಲ್ಲ, ನಮ್ಮನೇಲಿ ಎಲ್ಲರಿಗೂ ಎಲ್ಲ ಕೇಳ್ಸುತ್ತೆ ಮಾರಾಯ್ರೆ."

ಹಿಂದಿನಿಂದ ಹೆಂಡತಿ ಅವನ ಎಡಭುಜ ತಟ್ಟಿ, ಅವನು ಪೂರ್ತಿ ತಿರುಗುವ ತನಕ ಕಾದು, "ಊಟ ಮಾಡಿದ್ರಾ?" ಎಂದು ಕೇಳಿದಳು. ಅಷ್ಟು ಕೇಳಲು ತಟ್ಟಬೇಕೇ? ಸಣ್ಣ ಹುಡುಗಿಯಂತೆ ಏನೇ ಹೇಳಬೇಕಾದರೂ ಮುಟ್ಟಿ ಹೇಳುವುದು ಇತ್ತೀಚೆಗೆ ಅವಳಿಗೆ ಚಾಳಿಯಾಗಿತ್ತು.

ಅಂಗಡಿಯ ಒಳಗೆ ಒಂದು ಕೋಣೆಯನ್ನು ಮನೆಯ ನಡುಮನೆಯ ಹಾಗೆ ಜೋಡಿಸಿದ್ದರು: ಮೂರು ಆಸನದ ಸೋಫಾ, ನೆಲದ ಮೇಲೆ ದಪ್ಪ ಜಮಖಾನೆ, ಗೋಡೆಯಲ್ಲಿ ಯಾರೂ ನೋಡದ ಒಂದು ಚಿತ್ರ. ಅಂಗಡಿಯವನಿಗೆ ಐವತ್ತೈದಿರಬಹುದು. ತೂಕದ ಆಳು, ಹೊಟ್ಟೆಯಿಂದೆದ್ದು ಬರುವ ತುಂಬಿದ ಗಂಟಲು. ಅವನು "ಬನ್ನಿ ಸಾರ್, ಕೂತ್ಕೊಳ್ಳಿ ಅಮ್ಮ" ಅಂದಾಗ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಬಂತು. ಅಂಗಡಿಯವರನ್ನು ಬಗ್ಗುಬಡಿಯಲೆಂದೇ ಪ್ರಶ್ನೆ ಬರೆದುಕೊಂಡು ಹೋಗಿದ್ದ ಅವನಿಗೆ, ಅಂತೂ ಮಾತಾಡಲು ಬರುವ ಒಬ್ಬ ಮನುಷ್ಯ ಸಿಕ್ಕಿದನಲ್ಲ ಎಂದು ಒಳಗೊಳಗೇ ಮೆಚ್ಚಿಗೆಯಾಗಿ, ಆ ಮೆಚ್ಚಿಗೆಯ ಮೇಲೇ ಸಿಟ್ಟು ಬಂತು. ನೋಟ್‌ಬುಕ್ ಬಿಚ್ಚಿದ. "ನೂರು ವಾಟು ಅಂತ ಬರ್ದಿದ್ದಾರೆ. ಎರಡು ಸ್ಪೀಕರಿನ ಚಾನೆಲ್ ಮಾತ್ರ ಓಡಿಸಿ ಅಳೆದದ್ದೋ, ಏಳೂ ಓಡಿಸಿ ಅಳೆದದ್ದೋ?"

ಅಂಗಡಿಯವನು ಹುಬ್ಬೇರಿಸಿದ. "ಇದನ್ನ ಯಾರೂ ಕೇಳಲ್ಲ ಸಾರ್. ಎರಡೇ ಓಡಿಸಿದ್ದು. ಏಳೂ ಓಡಿಸಿದ್ರೆ ಐವತ್ತಕ್ಕೆ ಇಳಿಯುತ್ತೆ. ನೀವು ಈ ಲೈನಿನವರಾ?"

"ಭಾವ ಕಿವಿ ಪರೀಕ್ಷೆ ಮಾಡ್ತಾರೆ" ಎಂದ ಭಾವಮೈದುನ, ಹೆಮ್ಮೆಯಿಂದಲೇ. "ಅವರು ಫೇಲ್ ಅಂದ್ರೆ ಫೇಲು."

"ಓಹೋ! ಹಾಗಿದ್ರೆ ನಿಮ್ಮ ಮುಂದೆ ನಮ್ಮದೇನು ನಡೆಯುತ್ತೆ." ಅಂಗಡಿಯವನು ಸ್ಪೀಕರುಗಳನ್ನು ಕೈತೋರಿಸಿ ಪರಿಚಯ ಮಾಡಿಕೊಟ್ಟ, ಸಭೆಯಲ್ಲಿ ಗಣ್ಯರನ್ನು ಪರಿಚಯಿಸುವ ಹಾಗೆ. ಮುಂದೆ ಮೂರು, ಪಕ್ಕಕ್ಕೆ ಎರಡು, ಹಿಂದೆ ಎರಡು. "ಒಂದು ಕಾಡು ಹಾಕ್ತೀನಿ. ದೂರದಲ್ಲಿ ಗುಡುಗು, ಪಕ್ಕದಲ್ಲಿ ನೀರು. ಎಡಗಡೆಯಿಂದ ಒಂದು ಸಣ್ಣ ಹಕ್ಕಿ ಹೊರಟು ನಿಮ್ಮ ತಲೆ ಮೇಲಿಂದ ಬಲಗಡೆ ಹಿಂದಕ್ಕೆ ಹೋಗಿ ಕೂರುತ್ತೆ. ಆ ಹಕ್ಕಿನ ಗಮನಿಸಿ ಸಾರ್. ಅಗ್ಗದ ರಿಸೀವರಲ್ಲಿ ಅದು ದಾರೀಲೇ ಸತ್ತುಹೋಗುತ್ತೆ."

ಗುಡುಗು ಬಂತು, ಎದೆಯ ಗೂಡಿನೊಳಗೇ ಉರುಳಿತು. ನೀರು ಬಂತು, ಮಾಸಲು ನೀರು. ಅವನು ಸೋಫಾದ ನಡುವೆ ಕೂತು, ಹಕ್ಕಿಗಾಗಿ ಕಾದ. ಇಷ್ಟು ಹೊತ್ತಿಗೆ ಹೊರಟಿರಬೇಕು, ಎಡಗಡೆಯ ಸ್ಪೀಕರಿನ ಕಪ್ಪು ಬಟ್ಟೆ ಸುಮ್ಮನೆ ಕಪ್ಪಗಿತ್ತು. ಈಗ ತಲೆಯ ಮೇಲಿರಬೇಕು. ಓರೆಗಣ್ಣಿನಲ್ಲಿ ಭಾವಮೈದುನನ ತಲೆ ಥಟ್ಟನೆ ಬಲಗಡೆ ಹಿಂದಕ್ಕೆ ಹೊರಳಿದ್ದು ಕಂಡಿತು, ಒಡನೆ ತನ್ನ ಕುತ್ತಿಗೆಯೂ ಹೊರಳಿತು, ಹೊರಳಿದ ಮೇಲೆ ಅವನು ಕಣ್ಣು ಮುಚ್ಚಿ, ಮೆಲ್ಲನೆ ತಲೆದೂಗಿ, "ಆಹಾ, ರೆಕ್ಕೆ ಬಡಿತ ಕೂಡ ಬೇರೆ ಬೇರೆ ಕೇಳ್ತಿದೆ. ಎಷ್ಟು ಸ್ವಚ್ಛವಾಗಿ ಬಂದು ಕೂತ್ಕೊಂಡಿತು!" ಎಂದ.

ಕಣ್ಣು ತೆರೆದರೆ ಅಂಗಡಿಯವನು ಕೈಯಲ್ಲಿ ಒಂದು ಬಿಡಿ ವೈರು ಹಿಡಿದು, ತಾನೇ ತಪ್ಪು ಮಾಡಿದವನ ಹಾಗೆ ನಿಂತಿದ್ದ. "ಕ್ಷಮಿಸಿ ಸಾರ್. ಬಲಗಡೆ ಹಿಂದಿನದಕ್ಕೆ ವೈರು ಕಳಚಿದೆ. ಹಕ್ಕಿ ಮಧ್ಯದಲ್ಲೇ ನಿಂತುಹೋಯ್ತು. ಅದನ್ನೇ ಹೇಳೋಣ ಅಂತಿದ್ದೆ."

"ಯಾರೋ ಗಾಜಿನ ಬಾಗಿಲು ತೆಗೆದ್ರು ಭಾವ, ನಾನು ಅದನ್ನ ನೋಡ್ದೆ" ಎಂದ ಭಾವಮೈದುನ. ಹೇಳಿದ ಮೇಲೆ, ಹೇಳಬಾರದಿತ್ತು ಎಂಬುದು ಅವನಂಥವನಿಗೂ ಹೊಳೆದು ಮೀಸೆ ಕೆರೆದುಕೊಂಡ. ಹೆಂಡತಿ ತನ್ನ ಮಡಿಲಿನ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಹಾಕಿದಳು. "ಪರವಾಗಿಲ್ಲ ಸಾರ್, ಎಲ್ಲರಿಗೂ ಆಗುತ್ತೆ. ಮನಸ್ಸು ತಾನೇ ತುಂಬಿಕೊಂಡುಬಿಡುತ್ತೆ" ಎಂದ ಅಂಗಡಿಯವನು. ಆ ತುಂಬುಗಂಟಲಿನ ದಯೆ ಅವನ ಬೆನ್ನಮೇಲೆ ಹಲ್ಲಿ ಬಿದ್ದ ಹಾಗೆ ಬಿತ್ತು. ನಕ್ಕಿದ್ದರೆ ವಾಸಿಯಿತ್ತು. ವೈರು ಚುಚ್ಚಿ ಮತ್ತೆ ಕಾಡು ಹಾಕಿದರು. ಗುಡುಗು, ನೀರು. "ಅಯ್ಯೋ, ಕಿವಿ ಪಕ್ಕದಲ್ಲೇ ಹೋಯ್ತಲ್ಲೋ!" ಎಂದು ಹೆಂಡತಿ ಬೆಚ್ಚಿ ನಕ್ಕು, ನಕ್ಕಿದ್ದಕ್ಕೆ ಬಾಯಿಗೆ ಕೈ ಇಟ್ಟುಕೊಂಡಳು. ಅಕ್ಕತಮ್ಮ ಇಬ್ಬರ ತಲೆಗಳೂ ಎಡದಿಂದ ಬಲಕ್ಕೆ, ಬಲದಿಂದ ಹಿಂದಕ್ಕೆ, ದಾರ ಕಟ್ಟಿ ಎಳೆದ ಹಾಗೆ ಹೋದವು. ಅವನು ಕುತ್ತಿಗೆಯನ್ನು ಗೂಟ ಮಾಡಿಕೊಂಡು ಮುಂದೆ ನೋಡುತ್ತ ಕುಳಿತ. ಹದಿನೆಂಟು ವರ್ಷ ಗಾಜಿನ ಈಚೆ ಕೂತು ಉಗಿಯಲಾರದೆ ಉಗುಳು ನುಂಗಿದ್ದು ಇದನ್ನು ಕಂಡೇ ಅಲ್ಲವೆ, ಈ ಕಳ್ಳನೋಟ, ಈ ಮುಚ್ಚಿದ ಕಣ್ಣು. ರೆಕ್ಕೆ ಬಡಿತವಂತೆ. ಅಷ್ಟು ಸಾಲದೆಂದು ರೆಕ್ಕೆ ಬಡಿತವನ್ನೂ ಸೇರಿಸಬೇಕಿತ್ತೆ? ರೋಗಿಗಳಾದರೂ ಬರೀ ಗುಂಡಿ ಒತ್ತಿ ಸುಮ್ಮನಾಗುತ್ತಾರೆ.

ಆಮೇಲೆ ಎಲ್ಲ ಬೇಗ ಮುಗಿಯಿತು. ಅಂಗಡಿಯವನು ದನಿ ತಗ್ಗಿಸಿ, ತಗ್ಗಿಸಿದರೂ ಸ್ಪಷ್ಟವಾಗಿ, "ಇದರಲ್ಲಿ ಮಾತನ್ನ ಮಾತ್ರ ಎತ್ತಿಕೊಡೋ ವ್ಯವಸ್ಥೆ ಇದೆ ಸಾರ್. ಮನೇಲಿ ದೊಡ್ಡೋರಿದ್ರೆ ಅನುಕೂಲ" ಎಂದು ಯಾವುದೋ ಒಂದನ್ನು ತೋರಿಸಿದ. ಅದು ಅವನ ನೋಟ್‌ಬುಕ್ಕಿನ ನಲವತ್ತನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಸಿಕೊಂಡಿದ್ದ ಮಾಡೆಲ್ಲೇ. ಬಿಸಿಯಾಗುತ್ತದೆ, ಸದ್ದಿಗಿಂತ ಸಡಗರ ಹೆಚ್ಚು, ದಡ್ಡರಿಗಾಗಿ ಮಾಡಿದ್ದು ಎಂದು ತಾನೇ ಷರಾ ಬರೆದಿದ್ದ. "ಇದೇ ಕೊಡಿ" ಎಂದ. ನಾಲ್ಕು ತಿಂಗಳ ಓದು ಆ ಎರಡು ಮಾತಿನಲ್ಲಿ ಮುಗಿಯಿತು. ಅಲ್ಲಿಂದ ಎದ್ದು ಹೋಗುವುದಷ್ಟೇ ಆಗ ಬೇಕಾಗಿತ್ತು. ಬರಿಗೈಲಿ ಎದ್ದರೆ ಓಡಿಹೋದ ಹಾಗೆ ಕಾಣುತ್ತಿತ್ತು.

ಕಾರಿನಲ್ಲಿ ಹೆಂಡತಿಯ ಪಕ್ಕ ರಿಸೀವರಿನ ಪೆಟ್ಟಿಗೆ ಮೂರನೆಯ ಸಂಬಂಧಿಕನ ಹಾಗೆ ಕೂತಿತ್ತು. ಒಂದು ಸಿಗ್ನಲ್ಲು ದಾಟುವ ತನಕ ತಡೆದುಕೊಂಡಿದ್ದ ಭಾವಮೈದುನ ಇನ್ನು ತಡೆಯಲಾರದೆ, "ಭಾವಂಗೆ ವೈರಿಲ್ಲದೇನೇ ಕೇಳ್ಸುತ್ತೆ ಅಂತ ಮೊದಲೇ ಗೊತ್ತಿದ್ರೆ ಈ ಡಬ್ಬ ಯಾಕೆ ತರ್ತಿದ್ವಿ ಅಕ್ಕ" ಎಂದ. ಕನ್ನಡಿಯಲ್ಲಿ ಹೆಂಡತಿಯ ತುಟಿ ಅಲ್ಲಾಡಿತು. ಏನಂದಳೆಂದು ಕೇಳಲಿಲ್ಲ, ಕಂಡಿತು. ಸುಮ್ನಿರೋ, ಅವರಿಗೆ ಬೇಜಾರಾಗುತ್ತೆ. ತುಟಿ ನೋಡಿ ಮಾತು ಓದಿದೆನಲ್ಲ ಎಂದು ಅವನಿಗೆ ಹೊಳೆದದ್ದು ಅರ್ಧ ರಸ್ತೆ ಕಳೆದ ಮೇಲೆ. ಎಷ್ಟು ದಿನದಿಂದ ಹೀಗೆ? ಮುಖಗವಸಿನ ಡಾಕ್ಟರಮ್ಮ ಪಿಸುಗುಟ್ಟುತ್ತಾಳೆ. ತುಟಿ ಕಾಣುವ ಡಾಕ್ಟರಮ್ಮ ಪಿಸುಗುಟ್ಟುವುದಿಲ್ಲ. ಮುಂದೆ ಬಂದು ನಿಲ್ಲದ ಹೊರತು ಹೆಂಡತಿ ಗೊಣಗುತ್ತಾಳೆ. ಬ್ಯಾಂಕಿನ ಹುಡುಗಿಗೆ ಸೌಜನ್ಯವಿಲ್ಲ, ಮೇಲಿನ ಮನೆಯ ಅಜ್ಜಿಗೆ ಅರಳುಮರಳು, ಅಕ್ಕನ ಮಗಳು ಫೋನಿನಲ್ಲಿ ಮೂಗಿನಿಂದ ಮಾತಾಡುವ ಅಹಂಕಾರಿ. ಸಜ್ಜನರೆಂದರೆ ಬೀದಿಯ ದಪ್ಪ ಗಂಟಲಿನ ಪೊಲೀಸಿನವ, ಲಾರಿ ಮಾಲೀಕ, ಈಗ ಈ ಅಂಗಡಿಯವ. ಎರಡು ವರ್ಷದಿಂದ ಅವನು ಹೀನಾಯವಾಗಿ ಕಂಡವರನ್ನೆಲ್ಲ ಒಂದು ಕಾಗದದ ಮೇಲೆ ಸಾಲಾಗಿ ಗುರುತಿಸುತ್ತ ಹೋದರೆ ಗೆರೆ ಎಲ್ಲಿ ಬೀಳುತ್ತಿತ್ತೋ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು. ಪ್ರೆಸ್ಸಿನವನ ಗಂಟಲೂ ಕೀರಲಾಗಿಯೇ ಇತ್ತು.

"ಕ್ಲಿನಿಕ್ ಹತ್ರ ನಿಲ್ಸು" ಎಂದ.

"ಮರೆತು ಬಂದ್ರಾ ಏನಾದ್ರೂ?"

"ನಿಲ್ಸು ಅಂದ್ರೆ ನಿಲ್ಸು. ನೀನು ಹೋಗಿ ಟೀ ಕುಡಿ. ನೀನು ಬಾ" ಎಂದ ಹೆಂಡತಿಗೆ. ಅವಳು ಕಾರಿನಲ್ಲಿ ಪೆಟ್ಟಿಗೆ ಬಿಟ್ಟುಬರಲು ಮನಸ್ಸಾಗದೆ ಅದನ್ನು ಅವುಚಿಕೊಂಡೇ ಇಳಿದಳು.

ಮಧ್ಯಾಹ್ನದ ಖಾಲಿ ಕ್ಲಿನಿಕ್ಕಿನಲ್ಲಿ ರೋಗಿಗಳ ಬೆಂಚಿನ ಮೇಲೆ ರಿಸೀವರನ್ನು ಕೂರಿಸಿ, ಅವಳನ್ನು ಗಾಜಿನ ಕೋಣೆಯೊಳಗೆ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸಿದ. ಕೆಂಪು ಗುರುತಿನದನ್ನು ಬಲಗಿವಿಗೆ, ನೀಲಿಯದನ್ನು ಎಡಕ್ಕೆ. "ಕೇಳಿದ್ರೆ ಮಾತ್ರ ಒತ್ತು. ನನ್ನ ನೋಡಬೇಡ." ಎಡಗಡೆಯಿಂದ ಶುರು ಮಾಡಿದ. ಅವಳು ಗುಂಡಿ ಒತ್ತಿದರೆ ಉರಿಯುವ ಇನ್ನೊಂದು ದೀಪ ಪ್ರತಿ ಸಲವೂ ಹತ್ತಿತು. ಎಂಟು ಸಾವಿರಕ್ಕೆ, ಅತಿ ಸಣ್ಣಗೆ ಕೊಟ್ಟಾಗಲೂ ಹತ್ತಿತು. ಬಲಗಡೆ ನಾಲ್ಕು ಸಾವಿರದವರೆಗೆ ಸರಿ. ಆರು ಸಾವಿರಕ್ಕೆ ಇಲ್ಲ. ಸದ್ದು ಏರಿಸಿದ. ಇಲ್ಲ. ಎಂಟು ಸಾವಿರ, ಗೋಡೆ ಕೇಳುವಷ್ಟು ಏರಿಸಿದ. ಇಲ್ಲ. ಗಮನ ಎಲ್ಲಿಟ್ಟಿದ್ದಾಳೋ, ಒಲೆ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿರಬೇಕು ಎಂದು ಅವನ ತುಟಿ ಕೊಂಕಾಗುವಷ್ಟರಲ್ಲಿ ಬಾಗಿಲು ತೆರೆದುಕೊಂಡು ಅವಳ ತಲೆ ಹೊರಬಂತು. "ಬಲಗಡೆ ಏನಾದ್ರೂ ಕೊಡ್ತಿದ್ದೀರಾ? ಏನೂ ಬರ್ತಿಲ್ವಲ್ರೀ." ಅವನು ಎದ್ದು ಹೋಗಿ, ಅವಳ ತಲೆಯಿಂದ ಹೆಡ್‌ಫೋನನ್ನು ತೆಗೆದು, ತಿರುಗಿಸಿ, ಕೆಂಪಿನದನ್ನು ಎಡಕ್ಕೂ ನೀಲಿಯದನ್ನು ಬಲಕ್ಕೂ ಹಾಕಿದ. ಎರಡು ನಿಮಿಷದ ಕೆಲಸ. ಪ್ರೆಸ್ಸಿನವನು ಕೇಳಿದ್ದು ಇದನ್ನೇ.

"ಈಗ ಬಂತು ನೋಡಿ, ಬಲಗಡೆ! ಅಂಗಡೀಲಿ ಬಂತಲ್ಲ, ಆ ಹಕ್ಕಿ ಥರ" ಎಂದಳು. "ಆದ್ರೆ ಈಗ ಎಡಗಡೆ ಹೋಯ್ತು."

ದೋಷ ಅದರ ಜೊತೆಗೇ ಹೋಗಿತ್ತು. ಹನ್ನೊಂದು ಜನ. ಅವನು ಯಂತ್ರದ ಮುಂದೆ ನಿಂತೇ ಇದ್ದ. ಆಮೇಲೆ ಒಳಗೆ ಹೋಗಿ, ಕೈಗೆ ಮಾಡಲು ಕೆಲಸವಿಲ್ಲದೆ, ಅವಳ ಕಿವಿಯ ಮೇಲಿದ್ದ ಕೆಂಪು ಮುಚ್ಚಳದ ಅಂಚನ್ನು ಒರೆಸಿದ. ಅಲ್ಲಿ ಉಗುರಿನಷ್ಟು ಸೀಳು, ಯಾರಾದರೂ ನೋಡಿದ್ದರೆ ಕಾಣುವಂಥದ್ದು. ಹೆಂಡತಿ ಕುರ್ಚಿಯಿಂದೆದ್ದು, ಸೆರಗಿನಿಂದ ಹೆಡ್‌ಫೋನನ್ನು ಒರೆಸಿ, ಅವನ ಮುಂದೆ ಬಂದು, ತುಟಿ ಕಾಣುವ ಹಾಗೆ ನಿಂತು ಹೇಳಿದಳು: "ಈಗ ನೀವು ಕೂತ್ಕೊಳ್ಳಿ."

"ನಿನಗೆ ಈ ಯಂತ್ರ ಬರಲ್ಲ."

"ಮಿಕ್ಸಿ, ವಾಷಿಂಗ್ ಮೆಷಿನ್ನು, ನೀವು. ಇಷ್ಟೆಲ್ಲ ನಡೆಸ್ತಿದ್ದೀನಿ. ಎರಡು ಗುಂಡಿ ತೋರಿಸಿ."

ತೋರಿಸಿದ. ಒಳಗೆ ಹೋದ. ಕುರ್ಚಿ ಪಕ್ಕಕ್ಕೆ ತಿರುಗಿತ್ತು. ಅದು ಸಾಲದೆಂದು ಅವನು ಅದನ್ನು ಪೂರ್ತಿ ಹೊರಳಿಸಿ, ಗಾಜಿಗೆ ಬೆನ್ನು ಹಾಕಿ, ತೂತುತೂತಿನ ಗೋಡೆಗೆ ಮುಖ ಮಾಡಿ ಕುಳಿತ. ದಪ್ಪ ಬಾಗಿಲು ಮುಚ್ಚಿಕೊಂಡಿತು. ದೋಷವಿಲ್ಲದ ನೀಲಿಯದು ಬಲಗಿವಿಯ ಮೇಲಿತ್ತು. ಮೊದಲು ಹಡಗು ಬಂತು, ಒತ್ತಿದ. ಐನೂರು, ಸಾವಿರ, ಎರಡು ಸಾವಿರ. ಅವಳು ಒಂದೇ ಲಯದಲ್ಲಿ, ರೊಟ್ಟಿ ತಟ್ಟುವ ಹಾಗೆ ಕೊಡುತ್ತಿದ್ದಳು, ಕೊಡಬಾರದು, ಲಯ ಸಿಕ್ಕಿದರೆ ರೋಗಿ ಸದ್ದಿಲ್ಲದೆಯೂ ಒತ್ತಬಲ್ಲ. ಇಷ್ಟೂ ಗೊತ್ತಿಲ್ಲದವಳ ಕೈಗೆ ಯಂತ್ರ ಕೊಟ್ಟೆನಲ್ಲ ಎಂದು ಮನಸ್ಸು ಹಳೆಯ ಅಭ್ಯಾಸದಂತೆ ಕೊಂಕಿತು. ನೂಲಿನಂಥ ನಾಲ್ಕು ಸಾವಿರ, ಒತ್ತಿದ. ಆಮೇಲೆ ಏನೂ ಇಲ್ಲ. ಏನೂ ಇಲ್ಲದುದರ ಒಳಗೆ ಅವಳ ಲಯ ಮಾತ್ರ ಅವನ ತಲೆಯಲ್ಲಿ ನಡೆಯುತ್ತಲೇ ಇತ್ತು: ಈಗ ಕೊಟ್ಟಿರುತ್ತಾಳೆ. ಈಗ. ಮತ್ತೆ ಈಗ. ಹೆಬ್ಬೆರಳು ಗುಂಡಿಯ ಮೇಲೆ ತಾನಾಗಿ ಬಾಗಿತು. ಒತ್ತಿದರೆ ದೀಪ ಹತ್ತುತ್ತದೆ. ದೀಪ ಹತ್ತಿದರೆ ಅವಳು, ಪಾಪ, ನಂಬುತ್ತಾಳೆ. ಕಾಗದಕ್ಕೆ ರುಜು ಹಾಕಿ, ಹೆಡ್‌ಫೋನ್ ನಿನ್ನೆ ಬಿದ್ದಿತು ಎಂದು ಹೇಳಿ, ಹೊಸದು ತರಿಸಿ, ಇನ್ನೂ ಹತ್ತು ವರ್ಷ ಈ ಗಾಜಿನಾಚೆ ಕೂತು ಜನರನ್ನು ಅಳೆಯಬಹುದು. ಗೋಡೆಯ ತೂತುಗಳನ್ನು ಎಣಿಸಿದ. ಪ್ರೆಸ್ಸಿನವನು ಇದೇ ಕುರ್ಚಿಯಲ್ಲಿ ಕೂತು, ಹೆಬ್ಬೆರಳು ಹೀಗೇ ಬಾಗಿಸಿಕೊಂಡು, ಒತ್ತದೆ ಇದ್ದ. ಒತ್ತಿದ್ದರೆ ಅವನ ಯಂತ್ರ ಅವನಿಗೆ ಉಳಿಯುತ್ತಿತ್ತು. ಭುಜ ಅಲ್ಲಾಡಿದ್ದನ್ನು ನೋಡಿಕೊಂಡು ಒತ್ತುವುದು ಅವನಿಗೆ ತಿಳಿಯದ್ದೇನಲ್ಲ. ಕೇಳದಿದ್ದದ್ದಕ್ಕೆ ಕೇಳಲಿಲ್ಲ ಎಂದ, ಅಷ್ಟೆ. ಎಂಥ ದಡ್ಡ ಎಂದುಕೊಂಡ ಅವನು, ಎಂದುಕೊಂಡು ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ, ಉಳಿದ ನಾಲ್ಕು ಬೆರಳುಗಳಿಂದ ಮುಚ್ಚಿ ಹಿಡಿದ.

ಬಹಳ ಹೊತ್ತಾದ ಮೇಲೆ ಎಡಭುಜ ತಟ್ಟಿದ ಹಾಗಾಯಿತು. ಅವಳು ಸುತ್ತಿ ಮುಂದೆ ಬಂದಳು. ಅವಳ ಕೈಯಲ್ಲಿ ರಿಜಿಸ್ಟರಿತ್ತು.

"ಕೊನೇ ಎರಡನ್ನ ಹದಿನೈದು ಸಲ ಕೊಟ್ಟೆ. ಒಂದೂ ಬರ್ಲಿಲ್ವಾ?"

"ಇಲ್ಲ."

ಅವಳಿಗೆ ಆಶ್ಚರ್ಯವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅವನು ನೋಟ್‌ಬುಕ್ಕಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ತೊಡೆಯ ಮೇಲಿಟ್ಟುಕೊಂಡು, ರುಜು ಹಾಕಬೇಕಾದ ಜಾಗದಲ್ಲಿ "ಮರುಪರೀಕ್ಷೆ ಆಗಲೇಬೇಕು. ಬೇರೆಯವರಿಂದ" ಎಂದು ಬರೆದ. ಅಕ್ಷರ ಸೊಟ್ಟಗೆ ಬಂತು. "ಅದರಲ್ಲೂ ಬರಿ" ಎಂದ, ರಿಜಿಸ್ಟರ್ ತೋರಿಸಿ. "ಇವತ್ತಿನ ತಾರೀಖಿಗೆ. ಆರು ಸಾವಿರ, ಎಂಟು ಸಾವಿರ, ಇಲ್ಲ."

ಅವಳು ಪುಟದ ಮೇಲೆ ಬೆರಳಾಡಿಸಿದಳು. "ಇವತ್ತಿಂದಕ್ಕೆ ಆಗ್ಲೇ ಸರಿ ಅಂತ ಹಾಕಿದ್ದೀರಲ್ರೀ. ಹದಿನಾಲ್ಕಕ್ಕೂ."

"ಹೊಡೆದುಹಾಕು."

ಅವಳು ಹೊಡೆದಳು. ಹಿಂದಿನ ಪುಟ ತಿರುಗಿಸಿದಳು, ಅದರ ಹಿಂದಿನದು, ಅದರ ಹಿಂದಿನದು. ಗುರುತುಗಳು ಸಾಲುಸಾಲಾಗಿ, ಒಂದರ ಬಾಲ ಇನ್ನೊಂದಕ್ಕೆ ತಾಗದೆ ನಿಂತಿದ್ದವು. ಪೆನ್ನು ಎತ್ತಿ ಹಿಡಿದು ಅವನ ಮುಖ ನೋಡಿದಳು. "ಎಲ್ಲಿಂದ ಹೊಡೀಲಿ?"

ಅವನು ರಿಜಿಸ್ಟರನ್ನು ತೊಡೆಯ ಮೇಲೆಳೆದುಕೊಂಡು ಹಿಂದಕ್ಕೆ ತಿರುವತೊಡಗಿದ. ಹೊರಗೆ ಬೆಂಚಿನ ಕಡೆ ಏನೋ ಸದ್ದಾಗಿರಬೇಕು, ಅವಳ ತಲೆ ಥಟ್ಟನೆ ಆ ಕಡೆ ಹೊರಳಿತು. ಅವನು ಅದನ್ನು ನೋಡಿದ. ತನ್ನದನ್ನು ಹೊರಳಿಸಲಿಲ್ಲ. "ಏನದು?" ಎಂದು ಕೇಳಿದ.